ಅಂಬಾಸಿಡರ್ ಸಾಹೇಬರ ಅವರೆ

ಟೊರಾಂಟೊ ಪಕ್ಕದ ಮಾಲ್ಟನ್ನಿನ ಅಂಗಡಿಗಳಲ್ಲಿ ಈಗ ಅವರೆಕಾಳು ಫ್ರೀಜರಿನಲ್ಲಿ ಸಿಗುತ್ತದೆ. ಕಲ್ಲಿನಂಥ ಪ್ಯಾಕೆಟ್ಟು. ಮೊನ್ನೆ ಒಂದು ತಂದು ಬೇಯಿಸಿದೆ. ಮನೆಯಲ್ಲಿ ಬಿಸಿನೀರಿನ ವಾಸನೆ ಬಂತು, ಅಷ್ಟೇ. ಸೊಗಡಿಲ್ಲ. ಸೊಗಡಿಲ್ಲದ ಅವರೆಗಿಂತ ಬಟಾಣಿ ಮೇಲು. ಅದು ತಾನು ಬಟಾಣಿ ಅಂತಲಾದರೂ ಒಪ್ಪಿಕೊಳ್ಳುತ್ತದೆ.

ಈ ದೇಶದಲ್ಲಿ ನಾನು ಸೊಗಡಿನ ಅವರೆ ತಿಂದಿದ್ದು ಒಂದೇ ವರ್ಷ. ಇಡೀ ಟೊರಾಂಟೊಗೆ ಕರೆಂಟು ಹೋಗಿ, ಕರಗಿಹೋಗುತ್ತದೆ ಅಂತ ಜನ ಬೀದಿಯಲ್ಲಿ ನಿಂತು ಐಸ್‌ಕ್ರೀಮು ಹಂಚಿಕೊಂಡು ತಿಂದರಲ್ಲ, ಆ ವರ್ಷ.

ಆಗ ನಾನು ಮಾಲ್ಟನ್ನಿನಲ್ಲಿ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿದ್ದೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಬರಿಗೈಲಿ ಎದ್ದು ಬಂದವನು. ಭಾವ ಹೇಗೋ ಮಾಡಿ ಕರೆಸಿಕೊಂಡಿದ್ದರು. ಎಲ್ಲರೂ ಪಾಜಿ ಅಂತ ಕರೆಯುವ ಒಬ್ಬ ಪಂಜಾಬಿಯ ಹತ್ತಿರ ಹುಲ್ಲು ಹೊಡೆಯುವ ಕೆಲಸ ಸಿಕ್ಕಿತು. ಪಿಕಪ್ಪಿನಲ್ಲಿ ಮಷೀನು ಹಾಕಿಕೊಂಡು ಯೂನಿಯನ್‌ವಿಲ್, ಅರೋರಾ ಸುತ್ತುವುದು, ಮನೆ ಮುಂದೆ ಹಿಂದೆ ಹುಲ್ಲು ಹೊಡೆಯುವುದು. ಊರಲ್ಲಿ ಅಪ್ಪ ಹುಲ್ಲು ಕುಯ್ದುಕೊಂಡು ಬಾ ಅಂದರೆ ತಪ್ಪಿಸಿಕೊಂಡು ಓಡುತ್ತಿದ್ದೆ. ಇಲ್ಲಿ ಅದೇ ಹುಲ್ಲನ್ನು ಕುಯ್ದು, ಒಂದು ಹಸುವಿಗೂ ಹಾಕದೆ ಮೂಟೆ ಕಟ್ಟಿ ಎಸೆಯುತ್ತಿದ್ದೆ.

ಜೂನ್ ತಿಂಗಳಲ್ಲಿ ಯೂನಿಯನ್‌ವಿಲ್ಲಿನ ಒಂದು ಮನೆಯ ಹಿತ್ತಲಲ್ಲಿ ಮಷೀನು ನಿಂತುಹೋಯಿತು. ಹಗ್ಗ ಎಳೆದೂ ಎಳೆದೂ ರಟ್ಟೆ ಸೋತಿತು. "ಥತ್, ನಿನ್ ಮಕಕ್ಕೆ ಮಣ್ಣಾಕ!" ಅಂತ ಒಂದು ಒದ್ದೆ.

"ಯಾವೂರಯ್ಯ?" ಅಂತ ಹಿಂದಿನಿಂದ ಕೇಳಿತು.

ತಿರುಗಿ ನೋಡಿದರೆ ಒಬ್ಬ ಎತ್ತರದ ಮುದುಕರು. ಬೆಳ್ಳನೆ ಮೀಸೆ. ಮನೆ ಹಿತ್ತಲಲ್ಲಿ, ಆ ಸೆಕೆಯಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟು, ತುಂಬುತೋಳಿನ ಶರ್ಟು.

"ಮದ್ದೂರ್ ಹತ್ರ ಸಾರ್."

"ಬೈಗುಳದಲ್ಲೇ ಗೊತ್ತಾಯ್ತು. ಆ ಬೇಲಿ ಕಡೆ ಮಷೀನ್ ತಗೊಂಡೋಗ್ಬೇಡ. ಅಲ್ಲಿರೋದು ಕಳೆ ಅಲ್ಲ, ಅವರೆ."

ಬಗ್ಗಿ ನೋಡಿದೆ. ಹೌದು, ಗೇಣುದ್ದದ ಅವರೆ ಗಿಡ, ಎರಡು ಸಾಲು.

"ಇಲ್ಲಿ ಅವರೆ ಬತ್ತದಾ ಸಾರ್?"

"ಬರುತ್ತೆ. ನಾನು ಸಲಹೆ ಕೊಟ್ಟಿದೀನಿ."

ಅಡುಗೆಮನೆಯ ಕಿಟಕಿಯಿಂದ ಹೆಂಗಸಿನ ದನಿ ಬಂತು: "ಯಾರಿಗೆ ಕೊಟ್ರಂತೆ ಸಲಹೆ? ಗಿಡಕ್ಕಾ?"

ಅವರು ಚೆನ್ನಕೇಶವಯ್ಯನವರು. ದನಿ ಅವರ ಹೆಂಡತಿ ಶಾರದಮ್ಮನವರದು. ಮಗಳು ಅಳಿಯ ಇಬ್ಬರೂ ಕಂಪ್ಯೂಟರ್ ಕೆಲಸದವರು, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು. ಹಗಲೆಲ್ಲ ಆ ದೊಡ್ಡ ಮನೆಯಲ್ಲಿ ಇವರಿಬ್ಬರೇ ಜಗಳವಾಡಿಕೊಂಡು ಆರಾಮಾಗಿದ್ದರು. ಕನ್ನಡದ ಜನವೆಲ್ಲ ಅವರನ್ನು ಅಂಬಾಸಿಡರ್ ಸಾಹೇಬರು ಅಂತ ಕರೆಯುತ್ತಿದ್ದರು. ಮೊದಲು ನಾನು ಅದು ಕಾರಿನಿಂದ ಬಂದ ಹೆಸರು ಅಂದುಕೊಂಡಿದ್ದೆ.

ಅಲ್ಲ, ನಿಜವಾಗಿಯೂ ಅಂಬಾಸಿಡರ್ ಆಗಿದ್ದವರು. ಆ ಕತೆಯನ್ನು ಅವರು ಒಂದು ರೀತಿ ಹೇಳುತ್ತಿದ್ದರು, ಶಾರದಮ್ಮ ಇನ್ನೊಂದು ರೀತಿ. ನಾನು ಶಾರದಮ್ಮನವರ ಕಡೆ. ಅವರದು ಬೇಗ ಮುಗಿಯುತ್ತಿತ್ತು.

ಸಾಹೇಬರು ಬೆಂಗಳೂರಲ್ಲಿ ವ್ಯವಸಾಯ ಓದಿದವರು. ಆಫ್ರಿಕಾದಲ್ಲಿ ಒಂದು ದೇಶಕ್ಕೆ ಹೊಸದಾಗಿ ಸ್ವಾತಂತ್ರ್ಯ ಬಂದಿತ್ತು. ಆ ದೇಶದ ಹೆಸರು ಆಮೇಲೆ ಬದಲಾಯಿತಂತೆ, ಹಾಗಾಗಿ ಬರೆಯುವುದಿಲ್ಲ. ಅಲ್ಲಿ ರಸ್ತೆ, ಡ್ಯಾಮು, ಟ್ರ್ಯಾಕ್ಟರು ಎಲ್ಲ ಒಟ್ಟಿಗೆ ಬರುತ್ತಿದ್ದವು. ನಮ್ಮ ಸರ್ಕಾರ ಇವರನ್ನು ಕೃಷಿ ಸಲಹೆಗಾರರು ಅಂತ ಕಳಿಸಿತು. ಇವರು ಜೋಳ ಹಾಕಿ ಅಂದರು. ಕಣ್ಣು ಹೋದಷ್ಟು ದೂರ ಜೋಳ ಹಾಕಿದರು. ಜೋಳವೂ ಬಂತು, ಆಳೆತ್ತರ, ತೆನೆ ತೂಗಾಡುತ್ತ. ಕೊಯ್ಲಿಗೆ ಮಂತ್ರಿ ಬರುತ್ತಾರೆ, ಬ್ಯಾಂಡಿನವರು ಬರುತ್ತಾರೆ ಅಂತ ದಿನ ಗೊತ್ತಾಯಿತು.

"ಹಿಂದಿನ ದಿನ ಹಕ್ಕಿ ಬಂದ್ವು ಕಣೋ ಲಿಂಗ," ಅನ್ನುತ್ತಿದ್ದರು ಶಾರದಮ್ಮ. "ಗುಬ್ಬಿ ಗಾತ್ರದ್ದು. ಮೋಡ ಬಂದಂಗೆ ಬಂದ್ವು. ಸಾಯಂಕಾಲಕ್ಕೆ ಬರೀ ದಂಟು. ಮಂತ್ರಿ ಬಂದ, ಬ್ಯಾಂಡಿನೋರು ಬಾರಿಸಿದ್ರು, ಕುಯ್ಯಕ್ಕೆ ಒಂದ್ ತೆನೆ ಇಲ್ಲ. ಇವರು ಏನ್ ಮಾಡಿದ್ರು ಗೊತ್ತಾ? ಭಾಷಣ! ಆ ಬೋಳು ದಂಟಿನ ಮುಂದೆ ನಿಂತ್ಕೊಂಡು! 'ಈ ನಾಡು ಇವತ್ತು ತನ್ನ ಹಕ್ಕಿಗಳಿಗೆ ಉಣ್ಣಿಸಿದೆ, ನಾಳೆ ಜನಕ್ಕೆ ಉಣ್ಣಿಸುತ್ತೆ' ಅಂತ. ಮಂತ್ರಿ ಚಪ್ಪಾಳೆ ಹೊಡೆದ. ಪಕ್ಕದಲ್ಲಿ ನಮ್ಮ ದೇಶದ ರಾಯಭಾರಿ ಇದ್ರು. ಈ ಮನುಷ್ಯ ಹೊಲದಲ್ಲಿ ಇರೋನಲ್ಲ ಅಂತ ಎಂಬಸಿಗೆ ಎತ್ಕೊಂಡ್ರು. ಹಕ್ಕಿ ತಿಂದ ಜೋಳದಿಂದ ಅಂಬಾಸಿಡರ್ ಆದ ಗಂಡಸು ಅಂದ್ರೆ ಲೋಕದಲ್ಲಿ ಇವರೊಬ್ಬರೇ."

ಸಾಹೇಬರು ಪೇಪರಿನಿಂದ ಮುಖ ಎತ್ತದೆ, "ಭಾಷಣ ಚೆನ್ನಾಗಿತ್ತು," ಅನ್ನುತ್ತಿದ್ದರು.

"ಇವರ ಸಲಹೆಯಿಂದ ಒಂದು ಹಿಡಿ ಕಾಳು ಮನೆಗೆ ಬಂದಿದ್ದು ನಾನು ನೋಡಿಲ್ಲ. ಬೆಳೆದಿದ್ದು ಅಂದ್ರೆ ಮೀಸೆ ಒಂದೇ."

ಇದನ್ನು ಕೇಳಿ ನಗುವುದು ಎಲ್ಲರಿಗೂ ಅಭ್ಯಾಸವಾಗಿತ್ತು. ಸಾಹೇಬರೂ ನಗುತ್ತಿದ್ದರು. ಆದರೆ ಒಂದು ದಿನ ಬೇಲಿ ಹತ್ತಿರ ನಾನೊಬ್ಬನೇ ಇದ್ದಾಗ ಅಂದರು: "ಅವಳು ಹೇಳೋದು ಸರಿ ಕಣಯ್ಯ. ಜೀವಮಾನದಲ್ಲಿ ಒಂದು ಬೆಳೆ ಒಲೆ ತನಕ ಬರಬೇಕು. ಅವಳ ಒಲೆಗೆ. ಒಂದೇ ಒಂದು ಸಾರಿಗೆ ಆಗೋವಷ್ಟು."

ಅದಕ್ಕೇ ಅವರು ಮೈಸೂರಿನಿಂದ ಸಾಂಬಾರು ಪುಡಿಯ ಡಬ್ಬಿಯೊಳಗೆ ಅವರೆ ಬೀಜ ತಂದಿದ್ದರು. ಆ ಡಬ್ಬಿಗೆ ಅವರು ಇಟ್ಟ ಹೆಸರು ಡಿಪ್ಲೊಮ್ಯಾಟಿಕ್ ಬ್ಯಾಗು, ಅಂದರೆ ಕಸ್ಟಮ್ಸಿನವರು ಬಿಚ್ಚಿ ನೋಡಬಾರದ ರಾಯಭಾರಿಗಳ ಚೀಲ.

ಜುಲೈ ಮುಗಿಯುತ್ತ ಬಂತು. ಗಿಡ ನನ್ನೆತ್ತರ ಆಯಿತು. ಬೇಲಿ ಹತ್ತಿ, ಬೇಲಿ ದಾಟಿ, ಪಕ್ಕದ ಮನೆಯ ಗ್ಲೆನ್‌ನ ಗುಲಾಬಿಯನ್ನು ತಬ್ಬಿಕೊಂಡಿತು. ಹೂವು ಮಾತ್ರ ಇಲ್ಲ. ಒಂದು ಮೊಗ್ಗೂ ಇಲ್ಲ.

"ಸೊಪ್ಪು ಚೆನ್ನಾಗಿ ಬಂದಿದೆ," ಅಂದರು ಶಾರದಮ್ಮ. "ಒಂದು ಎಮ್ಮೆ ತಂದುಬಿಡಿ."

ಸಾಹೇಬರು ಲಾನಿನಲ್ಲಿ ಕುರ್ಚಿ ಹಾಕಿಕೊಂಡು ಸೂರ್ಯನನ್ನು ನೋಡುತ್ತ ಕೂತರು. ನಾನು ಊಟದ ಆಸೆಗೆ ಅಲ್ಲೇ ಇದ್ದೆ. ಒಂಬತ್ತಾಯಿತು, ಇನ್ನೂ ಬೆಳಕು. ಅವರು ತೊಡೆ ತಟ್ಟಿದರು.

"ಲಿಂಗ, ಊರಲ್ಲಿ ಅವರೆ ಹೂ ಬಿಡೋದು ಯಾವಾಗ?"

"ದಸರಾ ಕಳುದ್ಮೇಲೆ ಸಾರ್. ಮಂಜು ಬೀಳಕ್ ಶುರುವಾದಾಗ."

"ಯಾಕೆ ಹೇಳು? ರಾತ್ರಿ ಉದ್ದ ಆಗುತ್ತೆ. ಆಗ ಗಿಡಕ್ಕೆ ಹೆದರಿಕೆ ಹುಟ್ಟುತ್ತೆ, ಕಾಲ ಮುಗೀತು, ಸಾಯೋದ್ರೊಳಗೆ ಮಕ್ಕಳು ಮಾಡ್ಕೋಬೇಕು ಅಂತ. ಇಲ್ಲಿ ನೋಡು, ಒಂಬತ್ತಾದ್ರೂ ಸೂರ್ಯ ಹೋಗಲ್ಲ. ಅದಕ್ಕೇನು ಅರ್ಜೆಂಟು? ಆರಾಮಾಗಿ ಕೂತಿದೆ. ಇಲ್ಲಿ ರಾತ್ರಿ ಉದ್ದ ಆಗೋದ್ರೊಳಗೆ ಚಳಿ ಬಂದು ಸುಟ್ಟು ಹಾಕುತ್ತೆ."

"ಮತ್ತೇನ್ ಮಾಡದು?"

"ಮೋಸ. ನಮ್ಮ ಕೆಲಸದಲ್ಲಿ ಅದಕ್ಕೆ ಬೇರೆ ಹೆಸರಿದೆ."

ಮೋಸ ಹೀಗೆ. ಸಾಯಂಕಾಲ ಐದಕ್ಕೇ ಗಿಡಕ್ಕೆ ರಾತ್ರಿ ಮಾಡಬೇಕು. ಪಾಜಿಯ ಹತ್ತಿರ ಹುಲ್ಲು ಸಾಗಿಸುವ ಕಪ್ಪು ಟಾರ್ಪಾಲುಗಳಿದ್ದವು, ನಾನು ಕೇಳಿ ತಂದೆ. ಗ್ಯಾರೇಜಿನಲ್ಲಿ ಅಳಿಯನ ಹಳೇ ಹಾಕಿ ಕೋಲುಗಳಿದ್ದವು. ಈ ದೇಶಕ್ಕೆ ಬಂದ ಹೊಸದರಲ್ಲಿ ಹುಮ್ಮಸ್ಸಿಗೆ ಕೊಂಡು, ಐಸ್ ಮೇಲೆ ಆಡಲು ಹೋಗಿ ಒಂದು ಸಲ ಬಿದ್ದು, ಆಮೇಲೆ ಮುಟ್ಟದವು. ಅವನ್ನು ಸಾಲುದ್ದಕ್ಕೂ ನೆಟ್ಟು, ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಮೇಲೆ ಟಾರ್ಪಾಲು ಎಳೆದೆ. ದಿನಾ ಐದಕ್ಕೆ ಕೆಲಸ ಮುಗಿಸಿ ಬಂದು ಹೊದಿಸುವುದು ನಾನು. ಬೆಳಗ್ಗೆ ಎಂಟಕ್ಕೆ ಎಳೆದು ತೆಗೆಯುವುದು ಗಂಡ ಹೆಂಡತಿ.

"ಮಗಳು ಚಿಕ್ಕೋಳಿದ್ದಾಗ ಇಷ್ಟು ಹೊತ್ತಿಗೆ ಸರಿಯಾಗಿ ಮಲಗಿಸಿದ್ರೆ ನಾನು ಕೈ ಮುಗೀತಿದ್ದೆ," ಅಂದರು ಶಾರದಮ್ಮ. ಆದರೆ ಹಗ್ಗದ ಒಂದು ತುದಿ ಹಿಡಿದರು.

ಒಂದೇ ತೊಂದರೆ, ಗ್ಲೆನ್‌ನ ಗ್ಯಾರೇಜಿನ ದೀಪ. ಯಾರಾದರೂ ಅಲ್ಲಾಡಿದರೆ ತಾನಾಗಿ ಹತ್ತಿಕೊಳ್ಳುವಂಥದ್ದು. ಟಾರ್ಪಾಲಿನ ಸಂದಿಯಿಂದ ಅದರ ಬೆಳಕು ಒಳಗೆ ನುಗ್ಗುತ್ತಿತ್ತು. ಸಾಹೇಬರು ಅದರ ಬಗ್ಗೆ ಮಾತುಕತೆಗೆ ತಯಾರಿ ಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಇಡೀ ಊರಿಗೆ ಕರೆಂಟು ಹೋಯಿತು. ಸಿಗ್ನಲ್ಲಿಲ್ಲ, ರೈಲಿಲ್ಲ, ಮಗಳು ಆಫೀಸಿನಲ್ಲಿ ಸಿಕ್ಕಿಕೊಂಡಳು, ಇಡೀ ಒಂಟಾರಿಯೊ ತಲೆ ಮೇಲೆ ಕೈ ಹೊತ್ತು ಕೂತಿತು. ಸಾಹೇಬರೊಬ್ಬರೇ ಹಿತ್ತಲಲ್ಲಿ ಕೈ ಹಿಂದೆ ಕಟ್ಟಿಕೊಂಡು ಖುಷಿಯಲ್ಲಿ ಅಡ್ಡಾಡುತ್ತಿದ್ದರು.

"ನೋಡಯ್ಯ, ಇಲ್ಲಿನ ಸರ್ಕಾರದ ಸಹಕಾರ! ಆಫ್ರಿಕಾದಲ್ಲಿ ಇಷ್ಟು ಸಿಕ್ಕಿರಲಿಲ್ಲ."

ಕರೆಂಟು ಬಂದು ಕೆಲವು ದಿನಕ್ಕೆ ಪೊಲೀಸರು ಬಂದರು.

ಯಾಕೆ ಬರುವುದಿಲ್ಲ? ಹೊರಗಿನವರ ಕಣ್ಣಲ್ಲಿ ನೋಡಿ. ಹಿತ್ತಲಲ್ಲಿ ಆಳೆತ್ತರದ ಸೊಪ್ಪಿನ ಗಿಡ. ದಿನಾ ಸಂಜೆ ನನ್ನಂಥ ಒಬ್ಬ ಗಡ್ಡದವನು ಪಿಕಪ್ಪಿನಲ್ಲಿ ಬಂದು ಅದಕ್ಕೆ ಕಪ್ಪು ಟಾರ್ಪಾಲು ಮುಚ್ಚಿ ಹೋಗುತ್ತಾನೆ. ಗಿಡದ ಹತ್ತಿರ ಹೋದರೆ ಒಂದು ಥರ ಘಾಟು. ಆ ಕಾಲಕ್ಕೆ ಪೇಪರಿನಲ್ಲಿ ದಿನ ಬಿಟ್ಟು ದಿನ ಮನೆಯೊಳಗೆ ಗಾಂಜಾ ಬೆಳೆದವರ ಸುದ್ದಿ ಬರುತ್ತಿತ್ತು.

ಇಬ್ಬರು ಬಂದಿದ್ದರು. ಒಬ್ಬ ದಪ್ಪಗಿನ ಬಿಳಿಯ, ಇನ್ನೊಬ್ಬ ಕರಿಯ ಹುಡುಗ. ನಾನು ಟಾರ್ಪಾಲಿನ ತುದಿ ಹಿಡಿದು ನಿಂತಿದ್ದೆ. "ವಾಟ್ ಆರ್ ಯೂ ಗ್ರೋಯಿಂಗ್ ಹಿಯರ್?" ಅಂತ ದಪ್ಪಗಿನವನು ಕೇಳಿದ. ಅವರೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ನನಗೆ ಗೊತ್ತಿರಲಿಲ್ಲ. "ವೆರಿ ಗುಡ್ ಸ್ಮೆಲ್ ಸಾರ್, ಆಲ್ ಫ್ಯಾಮಿಲಿ ಲೈಕಿಂಗ್," ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾಹೇಬರು ಕಿಟಕಿಯಿಂದ, "ಲಿಂಗ, ಅವರನ್ನ ಕೂರಿಸು, ಬಂದೆ," ಅಂದರು. ಬಂದಿದ್ದು ಕರಿ ಬಂದ್‌ಗಲಾ ಕೋಟಿನಲ್ಲಿ. ಎದೆಗೆ ಆ ಆಫ್ರಿಕಾದ ದೇಶದವರು ಕೊಟ್ಟ ಪದಕ. ಹಿಂದೆಯೇ ಶಾರದಮ್ಮ ಕಾಫಿ, ಕೋಡುಬಳೆ ಹಿಡಿದು ಬಂದರು, ಗಂಡನ ಕೋಟು ನೋಡಿ ಹಣೆ ಚಚ್ಚಿಕೊಂಡರು. ಆಮೇಲೆ ನಡೆದಿದ್ದನ್ನು ವಿಚಾರಣೆ ಅನ್ನುವಂತಿಲ್ಲ. ಸಾಹೇಬರು ಇಬ್ಬರ ಕೈ ಕುಲುಕಿ, ಅವರ ಊರು, ತಾಯಿ ತಂದೆ ಎಲ್ಲ ವಿಚಾರಿಸಿ, ಹಗಲು ರಾತ್ರಿಯ ಲೆಕ್ಕ ಹೇಳಿ, ಆಫ್ರಿಕಾಕ್ಕೆ ಹೋಗಿ, ಜೋಳ ಬಿತ್ತಿ, ಹಕ್ಕಿ ತರಿಸಿ, ಮಂತ್ರಿಯ ಮುಂದೆ ಮಾಡಿದ ಭಾಷಣವನ್ನು ಪೂರ್ತಿ ಇನ್ನೊಂದು ಸಲ ಮಾಡಿದರು. ದಪ್ಪಗಿನವನು ಎರಡು ಸಲ ಏಳಲು ನೋಡಿದ. ಎರಡು ಸಲವೂ ಶಾರದಮ್ಮ ಕೋಡುಬಳೆ ಹಾಕಿದರು.

ಕರಿಯ ಹುಡುಗ ಮಾತ್ರ ಎದ್ದು ಹೋಗಿ ಒಂದು ಎಲೆ ಹಿಸುಕಿ ಮೂಸಿದ. ಜಮೈಕಾದಲ್ಲಿ ತನ್ನ ಅಜ್ಜಿ ಹಾಕುವ ಒಂದು ಕಾಳಿನ ಗಿಡವೂ ಹೀಗೇ, ಕ್ರಿಸ್‌ಮಸ್ ಹತ್ತಿರ ಬರುವವರೆಗೆ ಕಾಯಿ ಬಿಡುವುದಿಲ್ಲ ಅಂದ. ಹೋಗುವಾಗ ನನ್ನ ಕಡೆ ತಿರುಗಿ, "ಕವರ್ ದೆಮ್ ಟೈಟರ್, ಮ್ಯಾನ್," ಅಂತ ಹೇಳಿ ಹೋದ.

"ಆ ಗ್ಲೆನ್ನೇ ಫೋನ್ ಮಾಡಿರದು ಸಾರ್," ಅಂದೆ. "ಹೋಗಿ ಕೇಳ್ಬತ್ತೀನಿ."

"ಕೂತ್ಕೋ. ಕೇಳಿದ್ರೆ ಅವನು ಶತ್ರು ಆಗ್ತಾನೆ. ಕೇಳದೇ ಇದ್ರೆ ನಾಚ್ಕೋತಾನೆ. ನಾಚ್ಕೊಂಡಿರೋ ಪಕ್ಕದ ಮನೆಯೋನಿಗಿಂತ ಒಳ್ಳೆ ಸ್ನೇಹಿತ ಇಲ್ಲ."

ಉಳಿದ ಕೋಡುಬಳೆಯನ್ನು ತಟ್ಟೆಯಲ್ಲಿಟ್ಟುಕೊಂಡು, ಅದೇ ಕೋಟಿನಲ್ಲಿ ಗ್ಲೆನ್‌ನ ಮನೆಗೆ ಹೋದರು. ಪೊಲೀಸರ ಮಾತೇ ಎತ್ತಲಿಲ್ಲವಂತೆ. ಗುಲಾಬಿ ಹೊಗಳಿದರು, ಗಿಡ ಆ ಕಡೆ ನುಗ್ಗಿದ್ದಕ್ಕೆ ಕ್ಷಮೆ ಕೇಳಿದರು, ಕೊನೆಗೆ ಬಾಗಿಲಲ್ಲಿ ನಿಂತು ದೀಪದ ವಿಚಾರ ತೆಗೆದರು. ಗ್ಲೆನ್ ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರಾದವನು, ಒಬ್ಬನೇ ಇದ್ದ. ಕೆಂಪಗೆ ಕೆಂಪಗೆ ಆಗಿ, ಏಣಿ ಹಾಕಿ ಬಲ್ಬನ್ನೇ ಬಿಚ್ಚಿಬಿಟ್ಟ. ಮಾರನೇ ದಿನದಿಂದ ನಾನು ಬರುವುದು ತಡವಾದರೆ ಟಾರ್ಪಾಲು ಅವನೇ ಎಳೆಯುತ್ತಿದ್ದ.

ಆಗಸ್ಟಿನ ಕೊನೆಯಲ್ಲಿ ನಾನು ಅರೋರಾದಲ್ಲಿ ಹುಲ್ಲು ಹೊಡೆಯುತ್ತಿದ್ದಾಗ ಪಾಜಿಯ ಫೋನಿಗೆ ಸಾಹೇಬರ ಕರೆ ಬಂತು. "ಬಂತು ಕಣಯ್ಯ! ಬಂತು! ನೇರಳೆ ಬಣ್ಣ!" ನಾನು ಅಲ್ಲೇ ಕುಣಿದೆ. ಪಾಜಿ ಓಡಿಬಂದು ತಬ್ಬಿಕೊಂಡು, "ಮುಬಾರಕ್ ಪುತ್ತರ್! ಮುಂಡಾ ಕಿ ಕುಡಿ?" ಅಂದ. ಗಂಡೋ ಹೆಣ್ಣೋ ಅಂತ. ನನಗೆ ಮದುವೆಯೇ ಆಗಿಲ್ಲ ಅನ್ನುವುದು ಅವನಿಗೆ ಆಮೇಲೆ ನೆನಪಾಯಿತು. "ಅವರೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಲಡ್ಡು ತರಿಸಿದ.

ಸೆಪ್ಟೆಂಬರಿನಲ್ಲಿ ಕಾಯಿ ಕಟ್ಟಿತು. ಶಾರದಮ್ಮ ದಿನಾ ಹೋಗಿ ಕಾಯಿ ಒತ್ತಿ ನೋಡುವರು. "ಎಳಸು," ಅನ್ನುವರು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ಹೂವು ಬಂದಮೇಲೆ ಮೀಸೆಯ ಮಾತನ್ನು ಅವರು ಆಡಿರಲಿಲ್ಲ. ಹಗಲು ತಾನಾಗಿಯೇ ಚಿಕ್ಕದಾಗುತ್ತ ಬಂದಿತ್ತು, ಇನ್ನು ಹೊದಿಕೆ ಬೇಡ ಅಂತ ಸಾಹೇಬರು ಸಲಹೆ ಕೊಟ್ಟರು. ಎಲೆ ಉದುರುವ ಕಾಲ, ಎಲೆ ಹೊರಲು ಬೇಕು ಅಂತ ಪಾಜಿ ಟಾರ್ಪಾಲೆಲ್ಲ ವಾಪಸ್ ತರಿಸಿಕೊಂಡ. ಹಾಕಿ ಕೋಲು, ಹಗ್ಗ ಅಲ್ಲೇ ಉಳಿದವು.

ಕಾಳು ಬಲಿಯಲು ಇನ್ನು ಕೆಲವೇ ದಿನ ಬೇಕಿತ್ತು. ಒಂದು ಸಂಜೆ ನಾನು ಹೋದಾಗ ಗ್ಲೆನ್ ಬೇಲಿಯ ಮೇಲಿಂದ ಕೂಗಿದ: ರೇಡಿಯೊದಲ್ಲಿ ಹೇಳಿದರು, ಇವತ್ತು ರಾತ್ರಿ ಫ್ರಾಸ್ಟು. ಅಂದರೆ ಇಬ್ಬನಿ ಗಟ್ಟಿಯಾಗಿ ಬೆಳ್ಳಗೆ ಕೂರುವುದು. ಅದು ಕೂತರೆ ಅವರೆಯಂಥ ಗಿಡ ಬೆಳಗಾಗುವುದರೊಳಗೆ ಕರ್ರಗೆ ಬೆಂದುಹೋಗುತ್ತದೆ. ಪಾಜಿಗೆ ಫೋನ್ ಮಾಡಿದೆ. ಟಾರ್ಪಾಲೆಲ್ಲ ಲಾರಿಯಲ್ಲಿ ಎಲೆಯ ಕೆಳಗಿವೆ, ಲಾರಿ ಎಲ್ಲೋ ದೂರ ಇದೆ ಅಂದ.

ಸಾಹೇಬರು ಸಾಲಿನ ಹತ್ತಿರ ಹೋದರು. ಒಂದು ಕಾಯಿ ಮುಟ್ಟಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡರು.

"ಲಿಂಗ, ನಾವು ಒಂದು ತಿಳಿದುಕೊಳ್ಳಬೇಕು. ಈ ವರ್ಷ ನಾವು ಕಾಯಿ ಕೊಯ್ಯದೇ ಇರಬಹುದು. ಆದರೆ ಈ ನೆಲಕ್ಕೆ ಅವರೆಯ ಪರಿಚಯ..."

"ಶುರುವಾಯ್ತು!"

ಬಾಗಿಲಲ್ಲಿ ಶಾರದಮ್ಮ. ಅಷ್ಟು ಜೋರಾದ ದನಿಯನ್ನು ಅವರಿಂದ ನಾನು ಕೇಳಿರಲಿಲ್ಲ.

"ಶುರುವಾಯ್ತು ಭಾಷಣ! ಗಿಡ ಇನ್ನೂ ಹಸುರಾಗಿದೆ, ಆಗಲೇ ತಿಥಿ ಮಾತು! ಅವತ್ತೂ ಹಿಂಗೇ ಬೆನ್ನು ನೆಟ್ಟಗೆ ಮಾಡಿದ್ರಿ. ಅವತ್ತು ಹಕ್ಕಿ ಓಡಿಸೋಕೆ ನನ್ನ ಕೈಲಿ ಆಗ್ಲಿಲ್ಲ. ಇವತ್ತು ಸುಮ್ನೆ ನೋಡ್ತಾ ನಿಂತಿರ್ತೀನಿ ಅಂದ್ಕೊಂಡ್ರಾ? ಲಿಂಗ, ಬಾರೋ ಮೇಲೆ!"

ಮೇಲೆ ಅವರ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕಿತ್ತು. ಅದರಲ್ಲಿ ಅಂಬಾಸಿಡರ್‌ಗಿರಿಯ ಬಟ್ಟೆ ಅಷ್ಟೂ. ಉಣ್ಣೆಯ ಸೂಟುಗಳು, ಓವರ್‌ಕೋಟು, ಬಂದ್‌ಗಲಾ, ಬಿಳೀ ಕೋಟು. ನುಸಿಗುಳಿಗೆ ಹಾಕಿ, ವರ್ಷಕ್ಕೊಮ್ಮೆ ಬಿಸಿಲಿಗೆ ಹರವಿ, ಯಾರಿಗೂ ಮುಟ್ಟಲು ಬಿಡದೆ ಸಾಹೇಬರು ಕಾಪಾಡಿಕೊಂಡಿದ್ದವು. ನಾವಿಬ್ಬರೂ ಟ್ರಂಕನ್ನು ಮೆಟ್ಟಿಲ ಮೇಲೆ ದಡಬಡ ಇಳಿಸಿದೆವು. ಹಿತ್ತಲಲ್ಲಿ ಮುಚ್ಚಳ ತೆಗೆದಾಗ ಸಾಹೇಬರ ಮುಖದ ಬಣ್ಣ ಹೋಯಿತು.

"ಶಾರದಾ, ಅದು ರಾಷ್ಟ್ರಪತಿ ಭವನಕ್ಕೆ ಹಾಕ್ಕೊಂಡು ಹೋಗಿದ್ದ ಕೋಟು..."

"ಹೋಗಿ ಬಂದಾಯ್ತಲ್ಲ. ಹಿಡ್ಕೊಳ್ಳಿ ತೋಳು."

ಸಾಹೇಬರು ಒಂದು ಗಳಿಗೆ ಕೋಟು ನೋಡಿದರು, ಒಂದು ಗಳಿಗೆ ಹೆಂಡತಿಯನ್ನು ನೋಡಿದರು. ಆಮೇಲೆ ತೋಳು ಹಿಡಿದರು. ಹಾಕಿ ಕೋಲಿನ ಮೇಲೆ ಭುಜ ಕೂರಿಸಿ, ಗಿಡವನ್ನು ಒಳಗೆ ಸೇರಿಸಿ, ಗುಂಡಿ ಹಾಕುತ್ತ ಹೋದೆವು. ಕೋಟು ಸಾಲದೆ ಬಂದಲ್ಲಿ ಪ್ಯಾಂಟು. ಪ್ಯಾಂಟೂ ಸಾಲದೆ ಬಂದಲ್ಲಿ ಗ್ಲೆನ್ ತನ್ನ ಹಾಕಿ ಜೆರ್ಸಿಗಳನ್ನೂ ಬೆಡ್‌ಶೀಟನ್ನೂ ತಂದ. ಮಗಳು ಕೆಲಸದಿಂದ ಬಂದವಳು ಹಿತ್ತಲು ನೋಡಿ, "ಅಮ್ಮಾ, ವಾಟ್ ಈಸ್ ದಿಸ್, ಯಾರ್ ಬಂದಿದಾರೆ ಇಷ್ಟೊಂದ್ ಜನ?" ಅಂತ ಹೆದರಿಕೊಂಡಳು.

ಅವತ್ತು ನಾನು ಅಲ್ಲೇ ಬೇಸ್‌ಮೆಂಟಿನಲ್ಲಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಲಾನೆಲ್ಲ ಉಪ್ಪು ಚೆಲ್ಲಿದ ಹಾಗಿತ್ತು. ಗ್ಲೆನ್‌ನ ಗಿಡಗಳು ಬೆಂದು ಬಾಗಿದ್ದವು. ನಮ್ಮ ಬೇಲಿಯುದ್ದಕ್ಕೂ ಮಾತ್ರ ಸೂಟು ಬೂಟಿನ ದೊಡ್ಡ ಸಭೆ. ಬೂಟೊಂದಿರಲಿಲ್ಲ. ಎಲ್ಲರ ಭುಜದ ಮೇಲೂ ಬೆಳ್ಳಗೆ ಮಂಜು.

ಸಾಹೇಬರು ಚಪ್ಪಲಿಯಲ್ಲೇ ಹೊರಟರು. ಮೊದಲನೇ ಕೋಟಿನ ಗುಂಡಿ ಬಿಚ್ಚಿ ಬಗ್ಗಿ ನೋಡಿದರು. ಹಸುರು. ಕೋಟಿನ ತೋಳು ಹಿಡಿದು ಕುಲುಕಿ ಮುಂದಿನದಕ್ಕೆ ಹೋದರು. ಹಸುರು. ಅದರ ತೋಳನ್ನೂ ಕುಲುಕಿದರು. ಹೀಗೆ ಸಾಲಿನ ಕೊನೆಯವರೆಗೆ ಒಬ್ಬೊಬ್ಬರ ಕೈ ಕುಲುಕಿಕೊಂಡೇ ಹೋದರು. ಬೇಕೆಂದು ಮಾಡಿದ್ದಲ್ಲ, ಅಭ್ಯಾಸ. ಶಾರದಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು, ನಗಲಿಲ್ಲ.

ಆ ಚಳಿ ಹಾಗೇ ಕುಂಟುತ್ತ ಹೋಯಿತು, ಕೋಟುಗಳು ಇನ್ನೂ ಕೆಲವು ರಾತ್ರಿ ಡ್ಯೂಟಿ ಮಾಡಿದವು. ಒಂದು ಶನಿವಾರ ಶಾರದಮ್ಮ ಕಾಯಿ ಒತ್ತಿ ನೋಡಿ, "ಹೂಂ," ಅಂದರು. ಎಲ್ಲ ಬಿಡಿಸಿದಾಗ ಒಂದು ಬೇಸಿನ್ನು ತುಂಬಿತು. ಸುಲಿದು, ನೆನೆಹಾಕಿ, ಮಾರನೇ ದಿನ ಎಲ್ಲರೂ ಟೇಬಲ್ ಸುತ್ತ ಕೂತು ಹಿತಕಿದೆವು. ಕಾಳನ್ನು ಎರಡು ಬೆರಳಲ್ಲಿ ಹಿಂಡಿದರೆ ಸಿಪ್ಪೆ ಕೈಲಿ ಉಳಿದು ಬೇಳೆ ಹಾರುತ್ತದೆ. ಗ್ಲೆನ್ ಹಿಂಡಿದ ಮೊದಲನೇ ಬೇಳೆ ಸಾಹೇಬರ ಕನ್ನಡಕಕ್ಕೆ ಬಡಿಯಿತು. ಅವನು ಮತ್ತೆ ಕೆಂಪಗಾದ. ಸೊಗಡು ಮನೆಯೆಲ್ಲ ತುಂಬಿ, ಮೆಟ್ಟಿಲು ಹತ್ತಿ, ಮೇಲಿನ ಕೋಣೆಗಳಿಗೂ ಹೋಯಿತು. ಕಿಟಕಿ ತೆಗೆಯುತ್ತೀನಿ ಅಂದ ಮಗಳಿಗೆ ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ "ಬೇಡ" ಅಂದರು. ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಿತಕಿದ ಬೇಳೆ ಸಾರು, ಬಿಸಿ ಅನ್ನ. ಎಲ್ಲರಿಗೂ ಬಡಿಸಿ ಶಾರದಮ್ಮ ಕೂತರು. ಯಾರೂ ಕೈ ಹಾಕಲಿಲ್ಲ. ಗ್ಲೆನ್‌ಗೂ ಗೊತ್ತಿತ್ತು, ಮೊದಲು ಅವರೇ ತಿನ್ನಬೇಕು ಅಂತ. ಅವರು ಕಲಸಿದರು, ಒಂದು ತುತ್ತು ಬಾಯಿಗಿಟ್ಟರು, ನಿಧಾನಕ್ಕೆ ಅಗಿದರು. ಸಾಹೇಬರು ತಟ್ಟೆಯ ಅಂಚು ಹಿಡಿದುಕೊಂಡಿದ್ದರು.

"ಉಪ್ಪು ಕಮ್ಮಿ," ಅಂದರು ಶಾರದಮ್ಮ.

ಸಾಹೇಬರ ಮೀಸೆ ಇಳಿಯಿತು.

"ಅದು ನನ್ನ ತಪ್ಪು," ಅಂತ ಶಾರದಮ್ಮನೇ ಅಂದರು. ಇನ್ನೊಂದು ತುತ್ತು ಕಲಸುತ್ತ, ತಲೆ ಎತ್ತದೆ, "ನೀವು ಬೆಳೆದಿದ್ದು ಚೆನ್ನಾಗಿದೆ," ಅಂದರು.

ಸಾಹೇಬರು ಎದ್ದು ನಿಂತರು. ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡರು. ಸಾರು ಆರಿಹೋಗುತ್ತದಲ್ಲಪ್ಪ ಅಂತ ನಾನು ಒಳಗೊಳಗೇ ಬೈದುಕೊಂಡೆ. ಮಗಳು ಕಣ್ಣು ಮುಚ್ಚಿದಳು. ಅವರ ಬಾಯಿ ತೆರೆಯಿತು, ಮುಚ್ಚಿತು, ಇನ್ನೊಂದು ಸಲ ತೆರೆಯಿತು. ಏನೂ ಬರಲಿಲ್ಲ. ಆಮೇಲೆ ಮೆಲ್ಲಗೆ ಕೂತು, ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿದರು.

"ಇನ್ನೊಂದು ಸೌಟು ಹಾಕು," ಅಂದರು.